ಹ್ಯಾಂಡ್ ಬ್ರೇಕ್ ಕೇಬಲ್ ಬದಲಿಸುವುದು ಹೇಗೆ?

ಇಳಿಜಾರಿನಲ್ಲಿ ನಿಲ್ಲಿಸಿದ ಕಾರನ್ನು ಹಿಡಿದಿಡುವುದು ಯಾವುದು? ಬೆರಳಿಗಿಂತ ತೆಳುವಾದ ಒಂದು ಉಕ್ಕಿನ ಹುರಿ. 1983ರಿಂದ 2014ರವರೆಗೆ ತಯಾರಾದ ಮಾರುತಿ 800 ಕಾರನ್ನೇ ತೆಗೆದುಕೊಳ್ಳಿ. ಅದರ ತೂಕ ಸುಮಾರು 650 ಕಿಲೋ. ಐದು ಅಡಿ ಸಾಗಿದರೆ ಒಂದು ಅಡಿ ಏರುವ ರಸ್ತೆಯಲ್ಲಿ ನಿಂತಾಗ, ಅದನ್ನು ಕೆಳಕ್ಕೆ ಎಳೆಯುವ ಬಲ ಸುಮಾರು 130 ಕಿಲೋ ತೂಕದಷ್ಟು. ಚಾಲಕ ಇಳಿದು ಹೋದ ಮೇಲೂ ಈ ಬಲವನ್ನು ತಡೆಯುತ್ತಲೇ ಇರಬೇಕು.

ಕಾಲಿನ ಬ್ರೇಕು ದ್ರವದ ಒತ್ತಡದಿಂದ ಕೆಲಸ ಮಾಡುತ್ತದೆ. ಹ್ಯಾಂಡ್ ಬ್ರೇಕು ಇಂಥ ಕಾರುಗಳಲ್ಲಿ ಕೇವಲ ಸನ್ನೆ ಮತ್ತು ಕೇಬಲ್ ಮೂಲಕ ಹಿಂದಿನ ಚಕ್ರಗಳ ಬ್ರೇಕ್ ಶೂಗಳನ್ನು ಅಗಲಿಸಿ ಡ್ರಮ್ಮಿಗೆ ಒತ್ತುತ್ತದೆ. ಹಿಡಿಯು ತಿರುಗುಬಿಂದುವಿನಿಂದ 30 ಸೆಂಟಿಮೀಟರ್, ಕೇಬಲ್ 5 ಸೆಂಟಿಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ನಿಮ್ಮ ಬಲ ಆರು ಪಟ್ಟಾಗುತ್ತದೆ. ಆದರೆ ಪ್ರಕೃತಿ ಏನನ್ನೂ ಪುಕ್ಕಟೆ ಕೊಡುವುದಿಲ್ಲ. ಕೇಬಲ್ ಒಂದು ಸೆಂಟಿಮೀಟರ್ ಸಡಿಲವಾದರೆ ಹಿಡಿ ಆರು ಸೆಂಟಿಮೀಟರ್ ಹೆಚ್ಚು ಮೇಲೇಳಬೇಕು. ಹಳೆಯ ಕಾರಿನ ಹ್ಯಾಂಡ್ ಬ್ರೇಕು ‘ಟಕ್ ಟಕ್’ ಎಂದು ಬಹಳ ಮೇಲಕ್ಕೆ ಬರುವುದು ಇದರಿಂದಲೇ.

ಹಾಗೆಂದು ಕೂಡಲೇ ಕೇಬಲ್ ಬದಲಿಸಬೇಡಿ. ಬ್ರೇಕ್ ಶೂ ಸವೆದಿದ್ದರೂ ಇದೇ ಲಕ್ಷಣ ಕಾಣುತ್ತದೆ. ಹುರಿಯ ಎಳೆಗಳು ಕಿತ್ತಿದ್ದರೆ, ಹೊರಕವಚ ಒಡೆದಿದ್ದರೆ ಅಥವಾ ಹಿಡಿ ಇಳಿಸಿದರೂ ತುಕ್ಕಿನಿಂದಾಗಿ ಚಕ್ರ ಬಿಗಿಯಾಗಿಯೇ ಉಳಿದರೆ, ದೋಷ ಕೇಬಲ್‌ನದು.

ಈಗ ಕೆಲಸಕ್ಕೆ ಬರೋಣ. ತಿಳಿದವರೊಬ್ಬರು ಜೊತೆಗಿರಲಿ. ಕಾರು ಸಮತಟ್ಟಾದ ಗಟ್ಟಿ ನೆಲದ ಮೇಲಿರಲಿ. ಮುಂದಿನ ಚಕ್ರಗಳಿಗೆ ಎರಡೂ ಬದಿಯಿಂದ ಅಡ್ಡಗಟ್ಟೆ ಕೊಡಿ. ಮಾರುತಿಯಲ್ಲಿ ಎಂಜಿನ್ ಮುಂದಿನ ಚಕ್ರಗಳನ್ನು ತಿರುಗಿಸುವುದರಿಂದ ಗೇರ್‌ನಲ್ಲಿಟ್ಟರೆ ಸ್ವಲ್ಪ ಆಸರೆ ಸಿಗುತ್ತದೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳಲ್ಲಿ ಹಾಗಲ್ಲ. ಅಲ್ಲಿ ಹಿಂದಿನ ಚಕ್ರ ಎತ್ತಿದ ಮೇಲೆ ಗೇರ್ ನೆರವಿಗೆ ಬರುವುದಿಲ್ಲ, ಅಡ್ಡಗಟ್ಟೆಯೇ ಗತಿ.

ಚಕ್ರದ ನಟ್‌ಗಳನ್ನು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ. ಬಳಿಕ ಜಾಕ್‌ನಿಂದ ಎತ್ತಿ, ಕಾರಿನ ಭಾರವನ್ನು ಗಟ್ಟಿಮುಟ್ಟಾದ ಸ್ಟ್ಯಾಂಡ್‌ಗಳ ಮೇಲೆ ಇಳಿಸಿ. ಕೇವಲ ಜಾಕ್ ನಂಬಿ ಕಾರಿನ ಕೆಳಗೆ ಎಂದೂ ನುಸುಳಬೇಡಿ. ಜಾಕ್ ಎತ್ತುವುದಕ್ಕೆ, ಹಿಡಿದಿಡುವುದಕ್ಕಲ್ಲ.

ಹಿಡಿಯನ್ನು ಪೂರ್ತಿ ಇಳಿಸಿ, ಕೇಬಲ್ ಹೊಂದಿಸುವ ನಟ್ ಸಡಿಲಿಸಿ. ಚಕ್ರ ಮತ್ತು ಡ್ರಮ್ ತೆಗೆಯಿರಿ. ಒಳಗಿನ ಧೂಳನ್ನು ಊದಬೇಡಿ. ಹಳೆಯ ಬ್ರೇಕ್ ಶೂಗಳಲ್ಲಿ ಕಲ್ನಾರು ಇರಬಹುದು. ಅದರ ಎಳೆಗಳು ಶ್ವಾಸಕೋಶ ಸೇರಿದರೆ ಕ್ಯಾನ್ಸರ್‌ಗೂ ಕಾರಣವಾಗಬಲ್ಲವು. ಒದ್ದೆ ಬಟ್ಟೆಯಿಂದ ಒರೆಸಿ. ಸ್ಪ್ರಿಂಗ್‌ಗಳು ಯಾವ ರಂಧ್ರದಲ್ಲಿವೆ, ಕೇಬಲ್ ಯಾವ ದಾರಿಯಲ್ಲಿ ಸಾಗಿದೆ ಎಂಬುದರ ಚಿತ್ರ ಬರೆದಿಟ್ಟುಕೊಂಡು ಹಳೆಯದನ್ನು ಬಿಡಿಸಿ.

ಹೊಸ ಕೇಬಲ್ಲನ್ನು ಹಳೆಯದರ ಪಕ್ಕದಲ್ಲಿಟ್ಟು ಉದ್ದವನ್ನೂ ತುದಿಗಳನ್ನೂ ಹೋಲಿಸಿ. ಅದೇ ದಾರಿಯಲ್ಲಿ, ಅದೇ ಕ್ಲಿಪ್‌ಗಳಲ್ಲಿ ಕೂರಿಸಿ. ಬಿಸಿಯಾದ ಹೊಗೆ ಕೊಳವೆಗೆ ತಾಗಬಾರದು. ಬಾಗು ಹೆಚ್ಚಿದಷ್ಟೂ ಘರ್ಷಣೆ ಹೆಚ್ಚು. ನಿಮ್ಮ ಎಳೆತ ಕವಚದೊಳಗೇ ವ್ಯರ್ಥವಾಗುತ್ತದೆ. ಶೂ ಮತ್ತು ಡ್ರಮ್ಮಿಗೆ ಗ್ರೀಸ್ ಸೋಕದಿರಲಿ.

ಹೊಂದಿಸುವಾಗ ಮೊದಲು ಬ್ರೇಕ್ ಶೂ, ಆಮೇಲೆ ಕೇಬಲ್. ಈ ಕ್ರಮ ತಪ್ಪಿದರೆ ಶೂಗಳ ದೋಷವನ್ನು ಕೇಬಲ್‌ನ ಬಿಗಿತ ಮುಚ್ಚಿಬಿಡುತ್ತದೆ. ಹಿಡಿಯನ್ನು ಹಲವು ಬಾರಿ ಗಟ್ಟಿಯಾಗಿ ಎಳೆದು ಬಿಡಿ; ಹೊಸ ಕೇಬಲ್ ತನ್ನ ಜಾಗದಲ್ಲಿ ಕೂರುತ್ತದೆ. ಕಾರಿನ ಕೈಪಿಡಿ ಹೇಳಿದಷ್ಟೇ ‘ಟಕ್’ಗಳಿಗೆ ಬ್ರೇಕ್ ಹಿಡಿಯಬೇಕು. ಹಿಡಿ ಇಳಿಸಿದಾಗ ಎರಡೂ ಚಕ್ರ ಸಲೀಸಾಗಿ ತಿರುಗಬೇಕು.

ಕಾರನ್ನು ಕೆಳಗಿಳಿಸಿ ನಟ್‌ಗಳನ್ನು ಬಿಗಿಮಾಡಿದ ಮೇಲೆ, ಸಣ್ಣ ಇಳಿಜಾರಿನಲ್ಲಿ ಪರೀಕ್ಷಿಸಿ. ಪರವಾನಗಿ ಇರುವ ಚಾಲಕರು ಒಳಗೆ ಕುಳಿತು, ಪಾದವನ್ನು ಬ್ರೇಕಿನ ಬಳಿಯೇ ಇಟ್ಟಿರಲಿ. ಕಾರಿನ ಮುಂದೆ, ಹಿಂದೆ ಯಾರೂ ನಿಲ್ಲಬಾರದು. ಕೆಲವು ದಿನಗಳ ಬಳಿಕ ಮತ್ತೊಮ್ಮೆ ನೋಡಿ, ಸಡಿಲವಾಗಿದ್ದರೆ ಹೊಂದಿಸಿ. ತರಗತಿಯಲ್ಲಿ ಓದಿದ ಸನ್ನೆ, ಘರ್ಷಣೆ, ಇಳಿಜಾರುಗಳ ಪಾಠ ಇಲ್ಲಿ ನಿಮ್ಮ ಕೈಗೇ ಸಿಗುತ್ತದೆ.