ಬೆರಳ ತುದಿಯ ವಿದ್ಯೆ

ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೊಂದರ ಮೆಡಿಸಿನ್ ವಾರ್ಡಿನಲ್ಲಿ, ಬೆಳಗಿನ ರೌಂಡ್ಸಿನ ಹೊತ್ತಿಗೆ, ಎಂ.ಡಿ. ಓದುತ್ತಿರುವ ತರುಣನು ಕೇಸ್ ಷೀಟು ಹಿಡಿದು ರೋಗಿಯ ವೃತ್ತಾಂತವನ್ನೊಪ್ಪಿಸಿ, ಎಕ್ಸ್‌ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಎತ್ತಲು ಹೊರಟಾಗ, "ಅದು ಅಲ್ಲೇ ಇರಲಿ, ಮೊದಲು ಎದೆ ತಟ್ಟಿ ಏನಿದೆ ಹೇಳಪ್ಪ" ಎಂದು ತಡೆಯುವ ಪ್ರಾಧ್ಯಾಪಕರು ಈಗ ವಿರಳರಾಗುತ್ತಿದ್ದಾರೆ. ಅಂತಹವರೊಬ್ಬರು, ನಿವೃತ್ತಿಯ ಅಂಚಿನಲ್ಲಿದ್ದವರು, ತಮ್ಮ ಯೂನಿಟ್ಟಿನ ಹಿಂದೆ ನಿಂತು ನೋಡಲು ನನಗೆ ಅನುಮತಿಯಿತ್ತರು.

ಹಾಸಿಗೆಯಲ್ಲಿದ್ದವರು ತಿಂಗಳಿಂದ ಸಂಜೆಯ ಜ್ವರದಿಂದ ಸೊರಗಿದ್ದ ರೈತರು. "ಯಜಮಾನ್ರೇ, ಸ್ವಲ್ಪ ಎದ್ದು ಕೂತ್ಕೊಳ್ಳಿ, ಕೈ ಎರಡೂ ಮುಂದೆ ಕಟ್ಟಿಕೊಳ್ಳಿ" ಎಂದು ಪ್ರಾಧ್ಯಾಪಕರು ಅವರ ಬೆನ್ನಿಗೆ ಬಂದರು. ಎಡಗೈಯ ನಡುಬೆರಳನ್ನು ಎರಡು ಪಕ್ಕೆಲುಬುಗಳ ಸಂದಿನಲ್ಲಿ ಒತ್ತಿಟ್ಟು, ಉಳಿದ ಬೆರಳುಗಳು ಚರ್ಮವನ್ನು ಸೋಕದಂತೆ ಎತ್ತಿ ಹಿಡಿದು, ಬಲಗೈಯ ಬಾಗಿದ ನಡುಬೆರಳಿನಿಂದ, ತೋಳನ್ನಾಡಿಸದೆ ಮಣಿಕಟ್ಟಿನಿಂದಲೇ, ಹಗುರವಾಗಿ ತಟ್ಟಿ ಒಡನೆಯೇ ತೆಗೆಯುತ್ತ, ಒಮ್ಮೆ ಬಲಕ್ಕೆ, ಅದೇ ಮಟ್ಟದಲ್ಲಿ ಒಮ್ಮೆ ಎಡಕ್ಕೆ, ಮೇಲಿನಿಂದ ಕೆಳಕ್ಕಿಳಿದರು. ಬಲಗಡೆ ಕೊನೆಯವರೆಗೂ ಗಾಳಿ ತುಂಬಿದ ನಾದ. ಎಡಗಡೆ ಭುಜದೆಲುಬಿನ ಕೆಳಗೆ ನಾದವು ಸತ್ತು ಕಲ್ಲಿನ ಮೇಲೆ ತಟ್ಟಿದಂತಾಯಿತು. "ಕಿವಿಗಿಂತ ಮೊದಲು ಬೆರಳಿಗೆ ತಿಳಿಯಬೇಕು, ನೀರಿದ್ದ ಕಡೆ ಬೆರಳಿಗೆ ಎದುರು ಒತ್ತುತ್ತದೆ" ಎಂದು ತರುಣನ ಕೈಹಿಡಿದು ಅಲ್ಲಿಯೇ ತಟ್ಟಿಸಿದರು. ಆತನ ಉಗುರು ಉದ್ದವಾಗಿತ್ತೆಂದು ಗದರಿದ್ದೂ ಉಂಟು. ಎಕ್ಸ್‌ರೇಯಲ್ಲಿ ಎಡ ಪುಪ್ಪುಸದ ಬುಡ ಬೆಳ್ಳಗಿತ್ತು. ಮಧ್ಯಾಹ್ನ ಸೂಜಿಯಿಂದ ಹೊರತೆಗೆದ ದ್ರವವು ಒಣಹುಲ್ಲಿನ ಬಣ್ಣದ್ದಾಗಿತ್ತು. ಕ್ಷಯವೆಂಬ ಶಂಕೆಯಿಂದ ಅದನ್ನು ಪರೀಕ್ಷೆಗೆ ಕಳುಹಿಸಿದರು.

ಈ ವಿದ್ಯೆಯ ಮೂಲಪುರುಷ ಔಯೆನ್‌ಬ್ರುಗರ್, ಆಸ್ಟ್ರಿಯದ ಗ್ರಾಟ್ಸ್ ಪಟ್ಟಣದ ಛತ್ರದೊಡೆಯನೊಬ್ಬನ ಮಗ. ತಂದೆಯ ನೆಲಮಾಳಿಗೆಯಲ್ಲಿ ಮದ್ಯದ ಪೀಪಾಯಿಗಳನ್ನು ತಟ್ಟಿ ಮಟ್ಟವನ್ನರಿಯುತ್ತಿದ್ದುದೇ ಇದಕ್ಕೆ ಪ್ರೇರಣೆಯೆಂಬುದು ಪ್ರತೀತಿ. 1761ರಲ್ಲಿ ಆತನು ಪ್ರಕಟಿಸಿದ ಕಿರುಗ್ರಂಥವನ್ನು, 1808ರಲ್ಲಿ ವೈದ್ಯ ಕಾರ್ವಿಸಾರ್ ಫ್ರೆಂಚಿಗೆ ತರುವವರೆಗೆ, ಬಹುಮಂದಿ ವೈದ್ಯರು ಗಣಿಸಲೇ ಇಲ್ಲ. ಇನ್ನು, ವೈದ್ಯಕೀಯ ಪದವಿ ಪಡೆದ ಮೇಲೂ ತರುಣ ವೈದ್ಯನು ಆಸ್ಪತ್ರೆಯಲ್ಲಿಯೇ ವಾಸಮಾಡಿ ಹಿರಿಯರ ಕಣ್ಣೆದುರು ಪಳಗಬೇಕೆಂಬ ಪದ್ಧತಿಯನ್ನು, 1889ರಲ್ಲಿ ತೆರೆದ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಆಸ್ಲರ್ ರೂಢಿಗೆ ತಂದರು. ನಮ್ಮಲ್ಲಿ, 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಸೂರು ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ಹೋಯಿತು. 1900ರ ವಿಕ್ಟೋರಿಯಾ ಆಸ್ಪತ್ರೆಯನ್ನಾಶ್ರಯಿಸಿ ಬೆಂಗಳೂರಿಗೆ ಮತ್ತೊಂದು ಕಾಲೇಜು ದೊರೆತದ್ದು 1955ರಲ್ಲಿ.

ಎಂ.ಡಿ. ವ್ಯಾಸಂಗ ಮೂರು ವರ್ಷ. ಯೂನಿಟ್ಟಿನ ಅಡ್ಮಿಷನ್ ದಿನ ಬಂದವರೆಲ್ಲರೂ, ಹಾವು ಕಡಿದವರು, ವಿಷ ಕುಡಿದವರು, ಡೆಂಗಿಯವರು, ಅದೇ ಯೂನಿಟ್ಟಿನ ಹೊಣೆ. ಮೊದಲ ವರ್ಷದ ಪಿ.ಜಿ.ಯ ಪಾಡು ಶೋಚನೀಯ: ರಕ್ತ ತೆಗೆಯುವುದು, ವರದಿಗಾಗಿ ಲ್ಯಾಬಿಗೆ ಅಲೆಯುವುದು, ಮರುದಿನ ನಿದ್ದೆಗಣ್ಣಿನಲ್ಲಿ ರೌಂಡ್ಸ್. ಒಮ್ಮೆಗೆ 12 ಗಂಟೆ, ವಾರಕ್ಕೆ 48 ಗಂಟೆಗಳ ಮಿತಿಯನ್ನು ಕೇಂದ್ರ ಸರ್ಕಾರವು 1992ರಷ್ಟು ಹಿಂದೆಯೇ ಸೂಚಿಸಿದ್ದರೂ, ಅದು ಬಹುಮಟ್ಟಿಗೆ ಕಾಗದದ ಮೇಲೆಯೇ ಉಳಿದಿದೆ. ಮೂವತ್ತಾರು ಗಂಟೆ ಕಣ್ಣು ಮುಚ್ಚದವನ ಬೆರಳಿಗೆ ನಾದದ ಸೂಕ್ಷ್ಮವೆಲ್ಲಿಂದ ಬರಬೇಕು? ಸ್ಕ್ಯಾನಿಗೆ ಚೀಟಿ ಬರೆಯುವುದೇ ಆತನಿಗೆ ಸುಲಭ. ಅದಕ್ಕಾಗಿ ನಾನು ಆತನನ್ನು ದೂಷಿಸಲಾರೆ. ಆದರೆ ಈಗ ಈ ತರುಣರು ಜಿಲ್ಲಾ ಆಸ್ಪತ್ರೆಗಳಲ್ಲಿ ಮೂರು ತಿಂಗಳು ಕಳೆಯುವುದೂ ಕಡ್ಡಾಯವಷ್ಟೆ. ಅಂತಹ ಕಡೆ ಯಂತ್ರ ಕೆಟ್ಟು ನಿಂತ ರಾತ್ರಿ, ಕೈಯಲ್ಲಿರುವುದೇ ವಿದ್ಯೆ.

ಅಂತಿಮ ಪರೀಕ್ಷೆಯಲ್ಲಿ ಇನ್ನೂ ರೋಗಿಯನ್ನೇ ಮುಂದೆ ಕೂರಿಸಿ ಪರೀಕ್ಷಿಸಲು ಹೇಳುವರಾದ್ದರಿಂದ, ಕೊನೆಯ ತಿಂಗಳುಗಳಲ್ಲಿ ಹಾಸ್ಟೆಲಿನಲ್ಲಿ ಪರಸ್ಪರ ಬೆನ್ನು ತಟ್ಟಿ ಅಭ್ಯಾಸ ಮಾಡುವುದುಂಟು. ಆ ಪ್ರಾಧ್ಯಾಪಕರು ನಿವೃತ್ತರಾದರು. ಅವರ ಯೂನಿಟ್ಟಿನಲ್ಲಿ ಈಗ ರೌಂಡ್ಸ್ ಬೇಗ ಮುಗಿಯುತ್ತದೆಯಂತೆ. ರೋಗಿಗಳ ಸಂಖ್ಯೆ ಹೆಚ್ಚಿದೆ, ಫಿಲ್ಮಿನ ಚಿತ್ರ ಎಲ್ಲರ ಮೊಬೈಲಿನಲ್ಲೂ ಮೊದಲೇ ಬಂದಿರುತ್ತದೆ.