ಅಭಿಜಾತ ಕೃತಿಗಳಿಂದ ಇಂಗ್ಲಿಷ್ ಶಬ್ದಾರ್ಜನೆ: ಜೇನ್ ಆಸ್ಟೆನ್ ಬಳಸಿದ ಕೆಲವು ಪದಗಳು

ಇಂಗ್ಲಿಷಿನ ಶಬ್ದಸಂಪತ್ತನ್ನು ಬೆಳೆಸಿಕೊಳ್ಳಬೇಕಾದರೆ ಅಭಿಜಾತ ಕೃತಿಗಳನ್ನು ಓದಬೇಕೆಂಬ ಸಲಹೆ ಹಳೆಯದು, ತಪ್ಪೂ ಅಲ್ಲ. ಕನ್ನಡ ಮಾಧ್ಯಮದಲ್ಲಿ ಕಲಿತು ಉನ್ನತ ವ್ಯಾಸಂಗಕ್ಕೆಂದು ದೆಹಲಿ, ಹೈದರಾಬಾದುಗಳಿಗೆ ಬರುವ ವಿದ್ಯಾರ್ಥಿಗಳಿಗೆ ಇದು ಮೇಲಿಂದ ಮೇಲೆ ದೊರೆಯುತ್ತದೆ. ಅವರು ಕಾದಂಬರಿಯೊಂದನ್ನು ಹಿಡಿದು, ತಿಳಿಯದ ಪದಗಳ ಕೆಳಗೆ ಗೆರೆ ಎಳೆದು, ನಿಘಂಟು ಕೊಡುವ ಮೊದಲ ಅರ್ಥವನ್ನು ಅಂಚಿನಲ್ಲಿ ಬರೆದುಕೊಂಡು ಮುಂದೆ ಸಾಗುತ್ತಾರೆ. ಆದರೆ ಇನ್ನೂರು ವರ್ಷಗಳ ಹಿಂದಿನ ಕೃತಿಯಲ್ಲಿ ಹೆಚ್ಚು ದಾರಿ ತಪ್ಪಿಸುವುದು ತಿಳಿದಿದೆ ಎಂದು ನಾವು ಭಾವಿಸಿದ ಪದ. ಅದರ ಕೆಳಗೆ ಯಾರೂ ಗೆರೆ ಎಳೆಯುವುದಿಲ್ಲ.

1813ರಲ್ಲಿ ಪ್ರಕಟವಾದ ಜೇನ್ ಆಸ್ಟೆನ್‌ಳ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯನ್ನೇ ನೋಡಬಹುದು. ಅದರಲ್ಲಿ ಎಲಿಜಬೆತ್ ತನ್ನ ಅಕ್ಕ ಜೇನಳಲ್ಲಿ ಗುರುತಿಸುವ ಗುಣ ‘ಕ್ಯಾಂಡರ್’. ಇಂದಿನ ನಿಘಂಟುಗಳು ಇದಕ್ಕೆ ನೇರನುಡಿ, ಮುಚ್ಚುಮರೆಯಿಲ್ಲದ ಮಾತು ಎಂಬ ಅರ್ಥ ಹೇಳುತ್ತವೆ. ಆ ಅರ್ಥವನ್ನಿಟ್ಟುಕೊಂಡು ಓದಿದರೆ ಜೇನಳ ಪಾತ್ರವೇ ತಲೆಕೆಳಗಾಗುತ್ತದೆ. ಅವಳು ಯಾರನ್ನೂ ಕಟುವಾಗಿ ನುಡಿಯದವಳು. ಎಲ್ಲರ ನಡತೆಗೂ ಒಳ್ಳೆಯ ಕಾರಣವನ್ನೇ ಹುಡುಕುವವಳು. ಅಂದಿನ ಬಳಕೆಯಲ್ಲಿ ಅದೇ ‘ಕ್ಯಾಂಡರ್’. ಡಾ. ಜಾನ್ಸನ್ ತನ್ನ 1755ರ ನಿಘಂಟಿನಲ್ಲಿ ಈ ಪದಕ್ಕೆ ಮನದ ಮುಕ್ತತೆಯ ಜೊತೆಗೆ ಸ್ವಭಾವದ ಮಾಧುರ್ಯ, ಚಿತ್ತಶುದ್ಧಿ, ದಯೆ ಎಂಬ ಅರ್ಥಗಳನ್ನೂ ಕೊಟ್ಟಿದ್ದಾನೆ. ಮುಂದೆ ಉಳಿದದ್ದು ಮುಕ್ತತೆ, ಅಳಿದದ್ದು ದಯೆ.

ಇದಕ್ಕಿಂತ ಸ್ವಾರಸ್ಯವಾದುದು ‘ಕಂಡಿಸೆನ್ಷನ್’ ಎಂಬ ಪದ. ಇದರ ಮೂಲವಾದ ಲ್ಯಾಟಿನ್ ಧಾತುವಿನ ಅರ್ಥ ಕೆಳಗಿಳಿದು ಬರುವುದು. ಇಂದು ಇದು ನಿಂದೆಯ ಮಾತು: ತಾನು ಮೇಲಿನವನೆಂಬುದನ್ನು ಎದುರಿನವನಿಗೆ ತೋರಿಸಿಕೊಡುವಂತೆ ನಡೆದುಕೊಳ್ಳುವುದು. ಆಸ್ಟೆನ್‌ಳ ಪಾದ್ರಿ ಕಾಲಿನ್ಸ್ ಮಾತ್ರ ತನ್ನ ಆಶ್ರಯದಾತೆ ಲೇಡಿ ಕ್ಯಾಥರೀನಳನ್ನು ಈ ಪದದಿಂದಲೇ ಮತ್ತೆ ಮತ್ತೆ ಕೊಂಡಾಡುತ್ತಾನೆ. ದೊಡ್ಡವರು ತಮ್ಮ ಅಂತಸ್ತನ್ನು ಬದಿಗಿಟ್ಟು ಸಣ್ಣವರೊಡನೆ ಮಾತನಾಡುವ ಸೌಜನ್ಯವೆಂಬುದೇ ಅವನ ಅಭಿಪ್ರಾಯ. ಅವನ ಹೊಗಳಿಕೆ ಪ್ರಾಮಾಣಿಕವಾದದ್ದು. ನಗುವವಳು ಲೇಖಕಿ. ಅಂತಸ್ತಿನ ಮೇಲಿನ ಗೌರವ ಸಡಿಲವಾದಂತೆ ಪದದ ಬೆಲೆಯೂ ಇಳಿಯಿತೆಂದು ನಮಗೆ ತೋರುತ್ತದೆ. ಹಳೆಯ ಅರ್ಥ ತಿಳಿಯದವನಿಗೆ ಕಾಲಿನ್ಸ್ ತನ್ನ ಒಡತಿಯನ್ನು ಬಯ್ಯುತ್ತಿರುವಂತೆ ಕೇಳಿಸುತ್ತದೆ. ಹಳೆಯ ಅರ್ಥದಲ್ಲಿಯೇ ಕಲಿತವನು ತನ್ನ ಸಂಶೋಧನ ಪ್ರಬಂಧದ ಕೃತಜ್ಞತಾಪುಟದಲ್ಲಿ ಮಾರ್ಗದರ್ಶಕರ ‘ಕಂಡಿಸೆನ್ಷನ್’ ಅನ್ನು ಸ್ಮರಿಸಿದನೆಂದರೆ ಮುಗಿಯಿತು!

ಕನ್ನಡದಲ್ಲಿ ಇದಕ್ಕೆ ಹತ್ತಿರದ ಮಾತು ಇಲ್ಲದೆ ಇಲ್ಲ. ‘ದಯಮಾಡಿಸು’ ಎಂಬಲ್ಲಿ ಹಿರಿಯರು ಬರುವುದೇ ಒಂದು ದಯೆ. ನಡುಗನ್ನಡ ಕಾವ್ಯಗಳ ‘ಚಿತ್ತೈಸು’ ಅದೇ ಆಸ್ಥಾನಮರ್ಯಾದೆಯ ಪದ. ‘ಈಗ ದಯಮಾಡಿಸಿದಿರೋ?’ ಎಂದು ತಡವಾಗಿ ಬಂದವನನ್ನು ಕೇಳುವಾಗ ಅದರಲ್ಲಿ ಗೌರವ ಎಷ್ಟಿದೆ ಎಂಬುದನ್ನು ವಿವರಿಸಬೇಕಾಗಿಲ್ಲ. ಕಾಲಿನ್ಸ್‌ನ ಮಾತನ್ನು ಅನುವಾದಿಸುವವರು ‘ಸೌಜನ್ಯ’ ಎಂಬ ಬಣ್ಣವಿಲ್ಲದ ಪದಕ್ಕಿಂತ ಇಂತಹ ದರ್ಬಾರಿ ಮಾತುಗಳತ್ತ ನೋಡುವುದು ಮೇಲು.

‘ನೈಸ್’ ಪದದ ವಿಷಯದಲ್ಲಿ ಅರ್ಥಪಲ್ಲಟ ಆ ಕಾಲಕ್ಕೇ ಚರ್ಚೆಗೊಳಗಾಗಿತ್ತು. 1817ರ ಕೊನೆಯಲ್ಲಿ ಹೊರಬಂದ ‘ನಾರ್ತ್ಯಾಂಗರ್ ಅಬಿ’ ಕಾದಂಬರಿಯಲ್ಲಿ, ನಾಯಕಿ ಒಂದು ಪುಸ್ತಕವನ್ನು ‘ನೈಸ್’ ಎಂದಾಗ ಹೆನ್ರಿ ಟಿಲ್ನಿ ಗೇಲಿಮಾಡುತ್ತಾನೆ. ಅಚ್ಚುಕಟ್ಟು, ನವುರು ಎಂಬ ಅರ್ಥದ ಪದ ಕಂಡಕಂಡುದಕ್ಕೆಲ್ಲ ಸಲ್ಲುವಂತಾಯಿತೆಂಬುದು ಅವನ ಆಕ್ಷೇಪ. ಇನ್ನೂ ಹಿಂದೆ ಹೋದರೆ, ಅದರ ಲ್ಯಾಟಿನ್ ಮೂಲಕ್ಕೆ ಅಜ್ಞಾನಿ ಎಂಬ ಅರ್ಥವಿತ್ತು.

ಕರ್ನಾಟಕದ ಹೊರಗಿರುವ ಕನ್ನಡಿಗರಿಗೆ ಇಂತಹ ಪಲ್ಲಟ ದಿನದಿನದ ಅನುಭವವಾಗಿದೆ. ನಮ್ಮ ‘ಉಪನ್ಯಾಸ’ ಹಿಂದಿಯಲ್ಲಿ ಕಾದಂಬರಿ. ನಮ್ಮ ‘ಶಿಕ್ಷೆ’ ಅಲ್ಲಿ ವಿದ್ಯಾಭ್ಯಾಸ. ನಮ್ಮ ‘ಸಂಸಾರ’ ಅಲ್ಲಿ ಇಡೀ ಲೋಕ. ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವಾಗ ಇರುವ ಈ ಎಚ್ಚರ ಒಂದೇ ಭಾಷೆಯ ಎರಡು ಕಾಲಗಳ ನಡುವೆ ದಾಟುವಾಗಲೂ ಬೇಕು. ದಾರಿಬುತ್ತಿ ಎಂಬ ಅರ್ಥದ ಸಂಸ್ಕೃತದ ‘ಶಂಬಲ’ವೇ ಇಂದಿನ ನಮ್ಮ ತಿಂಗಳ ‘ಸಂಬಳ’ವಾಗಿದೆ.

ಹಾಗಾದರೆ ಓದುವ ಕ್ರಮ ಯಾವುದು? ಹತ್ತು ಲೇಖಕರ ಆಯ್ದ ಭಾಗಗಳಿಗಿಂತ ಒಬ್ಬರ ಒಂದು ಕಾದಂಬರಿಯನ್ನು ಇಡಿಯಾಗಿ ಓದುವುದು ಲೇಸೆಂಬುದು ನಮ್ಮ ಅಭಿಪ್ರಾಯ. ಒಂದೇ ಪದ ಬೇರೆ ಬೇರೆ ಪಾತ್ರಗಳ ಬಾಯಲ್ಲಿ ಮರಳಿ ಬರುತ್ತದೆ. ಯಾರು ಯಾರಿಗೆ ಆಡಿದರೆಂಬುದನ್ನು ಗಮನಿಸಿದರೆ ಅರ್ಥ ತಾನಾಗಿ ಕೂಡಿಬರುತ್ತದೆ. ಜಾನ್ಸನ್ ಮಾಡಿದ್ದೂ ಇದನ್ನೇ. ತನ್ನ ಸುಮಾರು 42,000 ನಮೂದುಗಳಿಗೆ ಆಧಾರವಾಗಿ ಲಕ್ಷಕ್ಕೂ ಮಿಕ್ಕಿದ ಸಾಹಿತ್ಯಪ್ರಯೋಗಗಳನ್ನು ಆತ ಜೋಡಿಸಿದ. 1884ರಿಂದ 1928ರವರೆಗೆ ಕಂತುಕಂತಾಗಿ ಹೊರಬಂದ ಆಕ್ಸ್‌ಫರ್ಡ್ ಬೃಹತ್ ನಿಘಂಟು ಅರ್ಥಗಳನ್ನು ಚಾರಿತ್ರಿಕ ಕ್ರಮದಲ್ಲಿಯೇ ಕೊಡುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನು ಬಳಸಿದವರಿಗೆ ಪ್ರಯೋಗಸಹಿತವಾದ ಈ ಪದ್ಧತಿ ಪರಿಚಿತವಾದುದೇ.

ಟಿಪ್ಪಣಿ ಪುಸ್ತಕದಲ್ಲಿ ಪದದ ಎದುರಿಗೆ ಕನ್ನಡದ ಒಂದೇ ಪದವನ್ನು ಬರೆಯದೆ, ಅದು ಬಂದ ಇಡೀ ವಾಕ್ಯ, ಆಡಿದ ಪಾತ್ರ, ಕೃತಿಯ ವರ್ಷ ಇವಿಷ್ಟನ್ನು ಬರೆಯಬೇಕು. ಇನ್ನೊಂದು ಅಂಕಣದಲ್ಲಿ ಇಂದಿನ ವೃತ್ತಪತ್ರಿಕೆಯಿಂದಲೋ ವಿದ್ವತ್‌ಲೇಖನದಿಂದಲೋ ಅದೇ ಪದದ ಪ್ರಯೋಗವೊಂದನ್ನು ಸೇರಿಸಬೇಕು. ಎರಡು ವಾಕ್ಯಗಳೂ ಒಂದೇ ಅರ್ಥವನ್ನು ಹೇಳಿದರೆ ಆ ಪದವನ್ನು ನಿಸ್ಸಂಕೋಚವಾಗಿ ಬಳಸಬಹುದು. ಹೇಳದಿದ್ದರೆ ಹಳೆಯ ಅರ್ಥವನ್ನು ಓದಿಗೆಂದು ನೆನಪಿಟ್ಟು, ಬರವಣಿಗೆಗೆ ಎರಡನೆಯ ಅಂಕಣದ ಅರ್ಥವನ್ನು ಹಿಡಿಯಬೇಕು. ಎರಡನೆಯ ಅಂಕಣ ತಿಂಗಳುಗಟ್ಟಲೆ ಖಾಲಿಯಾಗಿಯೇ ಉಳಿಯುವ ಪದಗಳೂ ಕೆಲವು ಇರುತ್ತವೆ. ಅವುಗಳನ್ನು ಆಸ್ಟೆನ್‌ಳ ಪುಟಗಳಲ್ಲಿಯೇ ಬಿಡುವುದು ಒಳ್ಳೆಯದು.