ಜ್ವರ ಬಿಟ್ಟ ಮೇಲೆ ಬಂದ ಪಾರ್ಶ್ವವಾಯು

ಅಡಿಕೆ ಧಾರಣೆ, ಗೊಬ್ಬರ, ಸಾಲದ ಕಂತುಗಳ ವಿಚಾರವನ್ನು ಕೊಂಚ ಬದಿಗಿಟ್ಟು ಬೇರೊಂದು ಸಂಗತಿಯನ್ನು ಸದಸ್ಯ ಬಾಂಧವರ ಮುಂದಿಡಬಯಸುತ್ತೇವೆ.

2021ರ ಮೇ ತಿಂಗಳು. ನಮ್ಮ ಸದಸ್ಯರೊಬ್ಬರು, ವಯಸ್ಸು 44, ಕೊರೋನಾ ಜ್ವರದಿಂದ ಎದ್ದು ಕೆಲವೇ ದಿನಗಳಾಗಿದ್ದವು. ಅಡಿಕೆಗೆ ಔಷಧಿ ಹೊಡೆಸಲೆಂದು ಮೈಲುತುತ್ತು ಕದಡುತ್ತಿದ್ದವರ ಬಲಗೈಯಿಂದ ಕೋಲು ಜಾರಿತು, ಮಾತು ತೊದಲಿತು. ಮನೆಯವರು ನಮಗೆ ಫೋನು ಮಾಡಿದರು. "ಜ್ವರದ ನಿಶ್ಶಕ್ತಿ ಇರಬೇಕು, ಮಜ್ಜಿಗೆ ಕೊಟ್ಟು ಮಲಗಿಸಿ" ಎಂದವರು ನಾವೇ. ಆಸ್ಪತ್ರೆಯೆಂದರೆ ಆಗ ಎಲ್ಲರಿಗೂ ಭಯ. ಮರುದಿನ ಶಿವಮೊಗ್ಗ ಮುಟ್ಟುವಷ್ಟರಲ್ಲಿ ಹೊತ್ತು ಮೀರಿತ್ತು. ಅವರ ಬಲಗೈ ಇಂದಿಗೂ ಮುಷ್ಟಿ ಕಟ್ಟುವುದಿಲ್ಲ. ಇದನ್ನು ಬರೆಯಿರಿ ಎಂದವರೂ ಅವರೇ.

ಬಿ.ಎಸ್ಸಿ. ಓದಿದ್ದೇವೆಂಬ ನಮ್ಮ ಹಮ್ಮು ಅಂದು ಇಳಿಯಿತು. ಆಮೇಲೆ ಹುಡುಕಿ ಓದಿದೆವು. 2020ರ ಮಾರ್ಚ್-ಏಪ್ರಿಲ್‌ನಲ್ಲಿಯೇ ನ್ಯೂಯಾರ್ಕಿನ ಮೌಂಟ್ ಸಿನಾಯ್ ವೈದ್ಯರು, ಕೊರೋನಾ ತಗುಲಿದ 50ರೊಳಗಿನ ಐವರಿಗೆ ಎರಡೇ ವಾರಗಳಲ್ಲಿ ಮೆದುಳಿನ ದೊಡ್ಡ ರಕ್ತನಾಳ ಕಟ್ಟಿಕೊಂಡದ್ದನ್ನು ಕಂಡಿದ್ದರು. ಅದಕ್ಕೆ ಮುಂಚೆ ಆ ವಯಸ್ಸಿನವರು ಎರಡು ವಾರಕ್ಕೆ ಒಬ್ಬರೂ ಬರುತ್ತಿರಲಿಲ್ಲ. ಅದೇ ನಗರದ ಎರಡು ಆಸ್ಪತ್ರೆಗಳ ಲೆಕ್ಕದಲ್ಲಿ 1,916 ಕೊರೋನಾ ರೋಗಿಗಳ ಪೈಕಿ 31 ಮಂದಿಗೆ ಪಾರ್ಶ್ವವಾಯು ಬಡಿದಿತ್ತು. ಫ್ಲೂ ಜ್ವರದ 1,486 ಮಂದಿಯಲ್ಲಿ ಮೂವರಿಗೆ ಮಾತ್ರ. ಹೆಚ್ಚಿನವರಿಗೆ ಏನೂ ಆಗುವುದಿಲ್ಲವೆಂಬುದೂ ಇದೇ ಲೆಕ್ಕದಿಂದ ಸ್ಪಷ್ಟ. ಸೋಂಕಿನ ಮೊದಲ ವಾರಗಳಲ್ಲಿ ಅಪಾಯ ಹಲವು ಪಟ್ಟು ಏರುವುದನ್ನು 2021ರಲ್ಲಿ ಸ್ವೀಡನ್ ದೇಶದವರು ತೋರಿಸಿದರು.

ಕಾರಣವಿಷ್ಟು: ಕಾಯಿಲೆ ಶ್ವಾಸಕೋಶದ್ದಾದರೂ ಉರಿಯೂತ ರಕ್ತನಾಳದ ಒಳಪದರಕ್ಕೂ ಹಬ್ಬುತ್ತದೆ, ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚುತ್ತದೆ. ಬಿ.ಪಿ., ಸಕ್ಕರೆ ಕಾಯಿಲೆಯವರಿಗೆ ಅಪಾಯ ಇನ್ನೂ ಹೆಚ್ಚು. ಕೊಯ್ಲಿನ ಗಡಿಬಿಡಿಯಲ್ಲಿ ಮಾತ್ರೆ ಮರೆಯುವವರು ನಮ್ಮಲ್ಲಿ ಎಷ್ಟಿಲ್ಲ!

ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು, ನಾಳ ಕಟ್ಟಿದೆಯೋ ಒಡೆದಿದೆಯೋ ಎಂದು ಸಿ.ಟಿ. ಸ್ಕ್ಯಾನ್ ನೋಡಬೇಕು. ಒಡೆದಿದ್ದರೆ ಆ ಮದ್ದೇ ಪ್ರಾಣಕ್ಕೆ ಎರವಾದೀತು. ಮನೆಯಲ್ಲಿ ಆಸ್ಪಿರಿನ್ ನುಂಗಿಸಬಾರದೆನ್ನುವುದೂ ಇದಕ್ಕಾಗಿಯೇ. ನಮ್ಮ ಘಟ್ಟದ ದಾರಿಯಲ್ಲಿ ಎರಡು ಗಂಟೆ ಹೋದರೆ ಉಳಿಯುವುದೆಷ್ಟು? ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಗಡಿಯಾರ ನೋಡಿ ಹೊತ್ತು ಬರೆದುಕೊಳ್ಳಿ, ಹೊರಡಿ. ಎಣ್ಣೆ ತಿಕ್ಕುವುದು, ನಾಟಿ ಔಷಧಿಯ ಮಾತು ಆಮೇಲಿರಲಿ.

108ರ ಗಾಡಿ ತಡವಾದರೆ ಸಂಘದ ಜೀಪು ಇದೆ. ಕೀಲಿಕೈ ರಾತ್ರಿ ಗೋದಾಮಿನ ಕಾವಲುಗಾರನ ಬಳಿ ಇರುತ್ತದೆ. ನಮ್ಮನ್ನು ಕೇಳಿಯೇ ಒಯ್ಯಬೇಕೆಂದಿಲ್ಲ.